ಕೂಲಿ ಕೊಟ್ಟ ಮೇಲೆ ಪ್ರಾರ್ಥನೆ

ಧರ್ಮಗ್ರಂಥವೆಂಬುದು ತೆಂಗಿನಕಾಯಿಯಿದ್ದಂತೆ. ಮೇಲೆ ನಾರು, ಅದರೊಳಗೆ ಚಿಪ್ಪು, ಚಿಪ್ಪಿನೊಳಗೆ ತಿರುಳು, ತಿರುಳಿನ ನಡುವೆ ಸಿಹಿನೀರು. ನಾರನ್ನಷ್ಟೇ ಕಂಡವನು ಇದರಲ್ಲಿ ತಿನ್ನುವಂಥದ್ದು ಏನೂ ಇಲ್ಲವೆಂದು ಎದ್ದುಹೋಗುತ್ತಾನೆ. ನೀರಿನ ರುಚಿ ಕಂಡವನು ಇನ್ನು ಚಿಪ್ಪಿನ ಗೊಡವೆ ತನಗೇಕೆಂದು ಹೇಳುತ್ತಾನೆ. ಆದರೆ ಚಿಪ್ಪಿಲ್ಲದಿದ್ದರೆ ನೀರು ನಿಲ್ಲುವುದಾದರೂ ಎಲ್ಲಿ? ಅಕ್ಷರಕ್ಕೆ ಅಂಟಿಕೊಂಡು ಅಂತರಾರ್ಥವನ್ನು ಮರೆಯುವುದು ಒಂದು ತಪ್ಪು. ಅಂತರಾರ್ಥ ತಿಳಿಯಿತೆಂದು ಆಚಾರವನ್ನು ಗಾಳಿಗೆ ತೂರುವುದು ಅದಕ್ಕಿಂತ ದೊಡ್ಡ ತಪ್ಪು. ಲೋಕದ ಎಲ್ಲ ಧರ್ಮಗಳಲ್ಲಿಯೂ ಈ ಎರಡು ತಪ್ಪುಗಳು ನಡೆದಿವೆ. ಇವೆರಡರ ನಡುವೆ ದಾರಿ ಮಾಡಿಕೊಂಡು ನಡೆದ ಮಹನೀಯರೂ ಎಲ್ಲೆಡೆ ಆಗಿಹೋಗಿದ್ದಾರೆ. ಇಂದು ಯಹೂದಿ ಧರ್ಮದ ಅಂಥ ಕೆಲವರ ವಿಚಾರವನ್ನು ಸದ್ಭಕ್ತರ ಮುಂದೆ ಇಡುವುದು ಉಚಿತವೆಂದು ಭಾವಿಸುತ್ತೇವೆ.

ಯಹೂದಿಗಳ ಮೂಲ ಧರ್ಮಗ್ರಂಥಕ್ಕೆ ತೋರಾ ಎಂದು ಹೆಸರು. ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂಬ ಐದು ಪುಸ್ತಕಗಳು ಅದರಲ್ಲಿವೆ. ಇವು ಮೋಶೆಯ ಮೂಲಕ ಬಂದ ದೇವವಾಣಿಯೆಂದು ಅವರ ಶ್ರದ್ಧೆ. ಪ್ರಾರ್ಥನಾ ಮಂದಿರದಲ್ಲಿ ಓದುವ ತೋರಾ ಇಂದಿಗೂ ಅಚ್ಚಿನ ಪುಸ್ತಕವಲ್ಲ. ಚರ್ಮದ ಹಾಳೆಗಳ ಮೇಲೆ ಲಿಪಿಕಾರರು ಕೈಯಿಂದ ಬರೆದ ಸುರುಳಿ. ಒಂದೇ ಒಂದು ಅಕ್ಷರ ಬಿಟ್ಟುಹೋದರೂ ತಿದ್ದುವ ತನಕ ಆ ಸುರುಳಿಯನ್ನು ಪಾರಾಯಣಕ್ಕೆ ಬಳಸುವಂತಿಲ್ಲ. ಇಡೀ ಗ್ರಂಥವನ್ನು 54 ಭಾಗಗಳಾಗಿ ವಿಂಗಡಿಸಿ ವರ್ಷಕ್ಕೊಮ್ಮೆ ಓದಿ ಮುಗಿಸುತ್ತಾರೆ. ಮುಗಿದ ದಿನವೇ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಅದರಲ್ಲಿ 613 ಕಟ್ಟಳೆಗಳಿವೆಯೆಂದು ಸಂಪ್ರದಾಯ ಎಣಿಸುತ್ತದೆ. ದೇವರನ್ನು ಕುರಿತವು ಮಾತ್ರವಲ್ಲ, ತಕ್ಕಡಿಯನ್ನು ಕುರಿತು, ಹೊಲದ ಅಂಚನ್ನು ಕುರಿತು, ಸಾಲವನ್ನು ಕುರಿತು, ಕೂಲಿಯಾಳನ್ನು ಕುರಿತು ವಿಧಿಗಳು ಅಲ್ಲಿವೆ.

ಇಂಥ ಗ್ರಂಥವನ್ನು ಓದುವುದಕ್ಕೆ ನಾಲ್ಕು ಮೆಟ್ಟಿಲುಗಳಿವೆಯೆಂದು ಅವರ ಪಂಡಿತರು ಹೇಳುತ್ತಾ ಬಂದರು. ಮೊದಲನೆಯದು ನೇರವಾದ ಅರ್ಥ, ಎರಡನೆಯದು ಸೂಚನೆಯ ಅರ್ಥ, ಮೂರನೆಯದು ಉಪದೇಶದ ಅರ್ಥ, ನಾಲ್ಕನೆಯದು ಗೂಢವಾದ ಅರ್ಥ. ಹೀಬ್ರೂ ಭಾಷೆಯಲ್ಲಿ ಈ ನಾಲ್ಕರ ಮೊದಲ ಅಕ್ಷರಗಳನ್ನು ಜೋಡಿಸಿದರೆ ಪರ್ದೇಸ್ ಎಂಬ ಪದವಾಗುತ್ತದೆ. ಪರ್ದೇಸ್ ಎಂದರೆ ಹಣ್ಣಿನ ತೋಟ. ಆ ನಾಲ್ಕನೆಯ ಅರ್ಥವನ್ನು ಹುಡುಕಿದ ಪರಂಪರೆಯೇ ಕಬ್ಬಾಲಾ. ಈ ಪದಕ್ಕೆ ಸ್ವೀಕರಿಸಿದ್ದು ಎಂದರ್ಥ; ಗುರುವಿನಿಂದ ಶಿಷ್ಯನಿಗೆ ಬಂದದ್ದು ಎಂಬ ಭಾವ. ಇದರ ಮುಖ್ಯ ಗ್ರಂಥವಾದ ಜೋಹರ್ 13ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ಪೇನ್ ದೇಶದಲ್ಲಿ ಬೆಳಕಿಗೆ ಬಂತು. 2ನೆಯ ಶತಮಾನದ ಋಷಿ ಸದೃಶ ಗುರು ಶಿಮೋನ್ ಬಾರ್ ಯೋಹಾಯ್ ಅವರ ವಾಣಿ ಇದೆಂದು ಶ್ರದ್ಧಾವಂತರು ನಂಬುತ್ತಾರೆ. 1305ರಲ್ಲಿ ತೀರಿಕೊಂಡ ಮೋಶೆ ಡಿ ಲಿಯೋನ್ ಎಂಬ ಪಂಡಿತರೇ ಇದರ ಬಹುಭಾಗವನ್ನು ರಚಿಸಿದರೆಂದು 20ನೆಯ ಶತಮಾನದ ಸಂಶೋಧಕ ಗೆರ್ಷೋಮ್ ಶೋಲೆಮ್ ವಾದಿಸಿದರು. ಆ ಚರ್ಚೆ ವಿದ್ವಾಂಸರಿಗಿರಲಿ. ಜೋಹರ್ ಕೊಡುವ ಒಂದು ಹೋಲಿಕೆ ಮಾತ್ರ ನಮಗೆ ಮುಖ್ಯ. ತೋರಾದಲ್ಲಿರುವ ಕಥೆಗಳು ಉಡುಪು, ಕಟ್ಟಳೆಗಳು ಶರೀರ, ಅದರ ಒಳಗೆ ಇರುವುದು ಆತ್ಮ ಎಂದು ಅದು ಹೇಳುತ್ತದೆ. ಬರಿಯ ಉಡುಪನ್ನು ನೋಡಿ ಮನುಷ್ಯನನ್ನು ಅಳೆಯುವವನು ಮೂಢನೆಂದೂ ತಿಳಿಸುತ್ತದೆ. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಟ್ಟಳೆಗಳನ್ನು ಜೋಹರ್ ಶರೀರವೆಂದು ಕರೆಯಿತೇ ಹೊರತು ಕಳಚಿ ಎಸೆಯುವ ಅಂಗಿಯೆಂದು ಕರೆಯಲಿಲ್ಲ. ಶರೀರವನ್ನು ಕೊಂದು ಆತ್ಮವನ್ನು ಉಳಿಸಿಕೊಂಡು ಮಾತನಾಡಿಸುತ್ತೇನೆಂದರೆ ಆಗುವ ಮಾತೇ?

1492ರಲ್ಲಿ ಸ್ಪೇನಿನ ಅರಸರು ಕ್ರೈಸ್ತರಾಗಲೊಪ್ಪದ ಯಹೂದಿಗಳೆಲ್ಲರೂ ದೇಶ ಬಿಟ್ಟು ಹೋಗಬೇಕೆಂದು ಆಜ್ಞೆ ಹೊರಡಿಸಿದರು. ತಲೆಮಾರುಗಳಿಂದ ಬಾಳಿ ಬದುಕಿದ ಮನೆಮಠ ಬಿಟ್ಟು ಜನ ದಿಕ್ಕುದಿಕ್ಕಿಗೆ ಚದುರಿದರು. ಹಾಗೆ ಚದುರಿದವರಲ್ಲಿ ಕೆಲವರು ತುರ್ಕಿಯ ಸುಲ್ತಾನರ ಆಳ್ವಿಕೆಗೆ ಒಳಪಟ್ಟ ಗಲಿಲಾಯ ಪ್ರಾಂತದ ಸಫೇದ್ ಎಂಬ ಬೆಟ್ಟದೂರಿಗೆ ಬಂದು ನೆಲೆಸಿದರು. ಉಣ್ಣೆಯ ಬಟ್ಟೆ ನೇಯುವುದು, ಬಣ್ಣ ಹಾಕುವುದು, ವ್ಯಾಪಾರ ಮಾಡುವುದು ಆ ಊರಿನ ಜನರ ಕಸುಬುಗಳಾಗಿದ್ದವು. ಈ ಚಿಕ್ಕ ಊರಿನಲ್ಲಿ 16ನೆಯ ಶತಮಾನದಲ್ಲಿ ಮಹಾಜ್ಞಾನಿಗಳ ಒಂದು ಸಮೂಹವೇ ಕೂಡಿತು. ಯಹೂದಿಗಳ ಆಚಾರಸಂಹಿತೆಯಾದ ಶುಲ್ಹಾನ್ ಆರೂಖ್ ಗ್ರಂಥವನ್ನು ಬರೆದ ಯೋಸೇಫ್ ಕಾರೋ ಅಲ್ಲಿದ್ದರು. ಮೋಶೆ ಕೊರ್ದೊವೆರೊ ಅಲ್ಲಿದ್ದರು. 1570ರಲ್ಲಿ ಈಜಿಪ್ಟಿನಿಂದ ಇಸಾಕ್ ಲೂರಿಯಾ ಅಲ್ಲಿಗೆ ಬಂದರು. ಕಟ್ಟುನಿಟ್ಟಿನ ಆಚಾರಶಾಸ್ತ್ರವೂ ಅತ್ಯಂತ ಗೂಢವಾದ ಅನುಭಾವವೂ ಒಂದೇ ಊರಿನಲ್ಲಿ, ಎಷ್ಟೋ ವೇಳೆ ಒಬ್ಬರೇ ವ್ಯಕ್ತಿಯಲ್ಲಿ ಕೂಡಿದ್ದವು ಎಂಬುದು ನೆನಪಿಡತಕ್ಕ ಸಂಗತಿ.

ಲೂರಿಯಾ ಅವರು ಸಫೇದಿನಲ್ಲಿ ಬಾಳಿದ್ದು ಸುಮಾರು ಎರಡು ವರ್ಷ ಮಾತ್ರ. 1572ರಲ್ಲಿ ಊರಿಗೆ ಬಂದ ಪಿಡುಗಿನಲ್ಲಿ ತಮ್ಮ 38ನೆಯ ವಯಸ್ಸಿನಲ್ಲಿ ದೇಹ ಬಿಟ್ಟರು. ಸ್ವತಃ ಬರೆದದ್ದು ಬಹಳ ಕಡಿಮೆ. ಅವರ ಉಪದೇಶವನ್ನು ಬರೆದಿಟ್ಟವರು ಶಿಷ್ಯರಾದ ಹಯೀಮ್ ವಿಟಾಲ್. ಆ ಉಪದೇಶದ ಸಾರವನ್ನು ಸರಳವಾಗಿ ಹೀಗೆ ಹೇಳಬಹುದು. ಅನಂತನಾದ ದೇವರು ಎಲ್ಲೆಡೆ ತುಂಬಿರುವಾಗ ಲೋಕಕ್ಕೆ ಎಡೆಯೆಲ್ಲಿ? ಆದುದರಿಂದ ಆತನು ತನ್ನನ್ನು ತಾನು ಒಳಗೆಳೆದುಕೊಂಡು ಸೃಷ್ಟಿಗೆ ಜಾಗ ಮಾಡಿಕೊಟ್ಟನು. ಆ ಜಾಗದಲ್ಲಿ ದಿವ್ಯ ಬೆಳಕನ್ನು ತುಂಬಿಕೊಳ್ಳಲು ಪಾತ್ರೆಗಳಾದವು. ಬೆಳಕಿನ ರಭಸವನ್ನು ತಾಳಲಾರದೆ ಕೆಲವು ಪಾತ್ರೆಗಳು ಒಡೆದವು. ಒಡೆದ ಚೂರುಗಳ ಜೊತೆ ಬೆಳಕಿನ ಕಿಡಿಗಳು ಲೋಕದ ವಸ್ತುಗಳೊಳಗೆಲ್ಲ ಬಿದ್ದು, ಸಿಪ್ಪೆಯೊಳಗೆ ಸಿಕ್ಕಿದ ಕಾಳಿನಂತೆ ಅಡಗಿಹೋದವು. ಆ ಕಿಡಿಗಳನ್ನು ಎತ್ತಿ ಮತ್ತೆ ಮೂಲಕ್ಕೆ ಸೇರಿಸುವುದೇ ಮನುಷ್ಯನ ಕರ್ತವ್ಯ. ಇದಕ್ಕೆ ತಿಕ್ಕೂನ್ ಎಂದು ಹೆಸರು. ತಿಕ್ಕೂನ್ ಎಂದರೆ ರಿಪೇರಿ, ಸರಿಪಡಿಸುವಿಕೆ.

ಈ ಕೆಲಸ ನಡೆಯುವುದು ಎಲ್ಲಿ? ಪ್ರಾರ್ಥನೆಯಲ್ಲಿ ನಡೆಯುತ್ತದೆ, ಊಟದ ತಟ್ಟೆಯ ಮುಂದೆಯೂ ನಡೆಯುತ್ತದೆ. ದೇವರ ಸ್ಮರಣೆ ಮಾಡಿ, ಹಸಿವಿಗೆ ತಕ್ಕಷ್ಟು ಉಣ್ಣುವವನು ಅನ್ನದೊಳಗಿನ ಕಿಡಿಯನ್ನು ಎತ್ತುತ್ತಾನೆ. ನೆನೆಯದೆ ನುಂಗುವವನು ಅದನ್ನು ಇನ್ನಷ್ಟು ಕೆಳಕ್ಕೆ ತಳ್ಳುತ್ತಾನೆ. ಕೊಳ್ಳುವಲ್ಲಿ, ಮಾರುವಲ್ಲಿ, ಮಾತನಾಡುವಲ್ಲಿ, ದುಡಿಯುವಲ್ಲಿ ಎಲ್ಲೆಡೆ ಇದೇ ನಿಯಮ. ಆದುದರಿಂದ ಕಬ್ಬಾಲಾ ಎಂದರೆ ಲೋಕ ಬಿಟ್ಟು ಓಡುವ ವಿದ್ಯೆಯೆಂದು ತಿಳಿಯಬಾರದು. ಲೂರಿಯಾ ಅವರು ಸಂಸಾರಸ್ಥರು, ವ್ಯಾಪಾರಿಗಳು. ಈಜಿಪ್ಟಿನಲ್ಲಿದ್ದಾಗ ಕಾಳುಮೆಣಸಿನ ವ್ಯವಹಾರ ಮಾಡುತ್ತಿದ್ದುದಕ್ಕೆ ಕೈರೋ ನಗರದಲ್ಲಿ ದೊರೆತ ಹಳೆಯ ಕಾಗದಪತ್ರಗಳು ಸಾಕ್ಷಿಯಾಗಿವೆ.

ಈ ಮಹಾಗುರುವಿನ ನಡೆಯಲ್ಲಿ ವಿಟಾಲ್ ಅವರು ಕಂಡು ಬರೆದಿಟ್ಟ ಒಂದು ಸಂಗತಿಯನ್ನು ಎಲ್ಲ ಭಕ್ತರೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಯಹೂದಿಗಳಿಗೆ ದಿನಕ್ಕೆ ಮೂರು ಹೊತ್ತಿನ ಪ್ರಾರ್ಥನೆ ಕಡ್ಡಾಯ. ಅದರಲ್ಲಿ ಮಧ್ಯಾಹ್ನದ ಪ್ರಾರ್ಥನೆಯನ್ನು ಸೂರ್ಯ ಮುಳುಗುವುದರೊಳಗೆ ಸಲ್ಲಿಸಬೇಕು. ಅತ್ತ ತೋರಾದಲ್ಲಿ ಮತ್ತೊಂದು ಕಟ್ಟಳೆಯಿದೆ. ದಿನಗೂಲಿಯವನ ಕೂಲಿಯನ್ನು ಆ ದಿನವೇ, ಸೂರ್ಯ ಮುಳುಗುವ ಮೊದಲೇ ಕೊಟ್ಟುಬಿಡಬೇಕು; ಏಕೆಂದರೆ ಅವನು ಬಡವ, ಅದರ ಮೇಲೆಯೇ ಜೀವ ಇಟ್ಟುಕೊಂಡಿರುತ್ತಾನೆ ಎಂಬುದು ಧರ್ಮೋಪದೇಶಕಾಂಡದ ವಿಧಿ. ಲೂರಿಯಾ ಅವರು ಯಾರಿಂದಲಾದರೂ ಕೆಲಸ ಮಾಡಿಸಿಕೊಂಡ ದಿನ, ಆ ಕೂಲಿ ಕೊಡುವ ತನಕ ಪ್ರಾರ್ಥನೆಗೆ ನಿಲ್ಲುತ್ತಿರಲಿಲ್ಲವಂತೆ. ಕೈಯಲ್ಲಿ ಕಾಸಿಲ್ಲದ ದಿನ ಪ್ರಾರ್ಥನೆಯನ್ನು ತಡೆದು, ಅಲ್ಲಿ ಇಲ್ಲಿ ಹುಡುಕಿ ಹಣ ಹೊಂದಿಸಿ, ಆಳಿನ ಕೈಗೆ ಇಟ್ಟು, ಬಳಿಕ ಸೂರ್ಯ ಮುಳುಗುವ ಹೊತ್ತಿಗೆ ಪ್ರಾರ್ಥಿಸುತ್ತಿದ್ದರಂತೆ. ಇಂಥದೊಂದು ಕರ್ತವ್ಯ ಕಣ್ಣೆದುರಿಗೆ ಬಂದಿರುವಾಗ ಅದನ್ನು ಬದಿಗಿಟ್ಟು ದೇವರ ಮುಂದೆ ಯಾವ ಮುಖದಿಂದ ನಿಲ್ಲಲಿ ಎಂಬುದು ಅವರ ಭಾವವಾಗಿತ್ತು.

ಸದ್ಭಕ್ತರು ಇಲ್ಲಿ ಸ್ವಲ್ಪ ನಿಂತು ಆಲೋಚಿಸಬೇಕು. ಪ್ರಾರ್ಥನೆಯ ಒಂದೊಂದು ಅಕ್ಷರದಲ್ಲಿಯೂ ಮೇಲಿನ ಲೋಕಗಳು ಚಲಿಸುತ್ತವೆಯೆಂದು ನಂಬಿದ್ದವರು ಲೂರಿಯಾ. ಒಂದೊಂದು ಪದಕ್ಕೂ ಸೂಕ್ಷ್ಮವಾದ ಧ್ಯಾನಕ್ರಮವನ್ನು ಕಲಿಸಿಕೊಟ್ಟವರು. ಅಂಥವರು ಆ ಧ್ಯಾನವನ್ನೆಲ್ಲ ತಡೆಹಿಡಿದು ನಾಲ್ಕು ಕಾಸಿಗಾಗಿ ಬೀದಿ ಬೀದಿ ತಿರುಗಿದರು! ಲೋಕದ ಒಡೆದ ಪಾತ್ರೆಯನ್ನು ಸರಿಪಡಿಸಲು ಹೊರಟವನ ಚೀಲದಲ್ಲಿಯೇ ಬಡವನ ಬೆವರು ಸಿಕ್ಕಿಕೊಂಡಿದ್ದರೆ ಅವನು ಸರಿಪಡಿಸುವುದಾದರೂ ಏನನ್ನು? ಮೇಲಣ ಕಿಡಿಯನ್ನು ಎತ್ತುವ ಮೊದಲು ನಮ್ಮ ಜೇಬಿನಲ್ಲಿ ಸೆರೆಯಾಗಿರುವ ಕಿಡಿಯನ್ನು ಬಿಡಿಸಬೇಕು. ಅವರ ನಡೆಯಿಂದ ನಮಗೆ ತೋರುವ ಅಂತರಾರ್ಥ ಇದು. ಇನ್ನೊಂದು ಮಾತೂ ಉಂಟು. ಪ್ರಾರ್ಥನೆಗೆ ಮುನ್ನ ಪ್ರತಿಯೊಬ್ಬನೂ ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಯಾಜಕಕಾಂಡದ ಕಟ್ಟಳೆಯನ್ನು ಮನಸಾರೆ ಹೊತ್ತುಕೊಳ್ಳಬೇಕೆಂದು ಅವರು ಶಿಷ್ಯರಿಗೆ ವಿಧಿಸಿದ್ದರು. ಈ ಪದ್ಧತಿ ಅನೇಕ ಯಹೂದಿ ಸಮುದಾಯಗಳಲ್ಲಿ ಇಂದಿಗೂ ನಡೆದುಬಂದಿದೆ.

ಲೂರಿಯಾ ಬರುವ ಮೊದಲು ಸಫೇದಿನ ಹಿರಿಯ ಗುರುಗಳಾಗಿದ್ದವರು ಮೋಶೆ ಕೊರ್ದೊವೆರೊ. 1522ರಿಂದ 1570ರ ವರೆಗೆ ಬಾಳಿದವರು. ಮೂವತ್ತು ತುಂಬುವ ಮೊದಲೇ ದಾಳಿಂಬೆಯ ತೋಟ ಎಂಬ ಅರ್ಥದ ಹೆಸರಿನ ಬೃಹದ್ಗ್ರಂಥವನ್ನು ಬರೆದು ಕಬ್ಬಾಲಾದ ಸಿದ್ಧಾಂತವನ್ನೆಲ್ಲ ಕ್ರಮಪಡಿಸಿದರು. ಆದರೆ ಸಾಮಾನ್ಯ ಜನರ ಕೈಗೆ ಹೆಚ್ಚಾಗಿ ತಲುಪಿದ್ದು ಅವರ ಒಂದು ಪುಟ್ಟ ಪುಸ್ತಕ. ದೆಬೋರಳ ಖರ್ಜೂರದ ಮರ ಎಂಬುದು ಅದರ ಹೆಸರಿನ ಅರ್ಥ. ದೇವರು ಹತ್ತು ಗುಣಗಳ ಮೂಲಕ ಲೋಕಕ್ಕೆ ತೋರಿಕೊಳ್ಳುತ್ತಾನೆ ಎಂಬುದು ಕಬ್ಬಾಲಾದ ಮುಖ್ಯ ತತ್ತ್ವ. ಕಿರೀಟ, ಜ್ಞಾನ, ವಿವೇಕ, ಕೃಪೆ, ದಂಡನೆಯ ಬಲ, ಸೌಂದರ್ಯ, ಜಯ, ವೈಭವ, ಬುನಾದಿ, ರಾಜ್ಯ ಎಂದು ಅವನ್ನು ಎಣಿಸುತ್ತಾರೆ. ಇವುಗಳ ಮೇಲೆ ಪಂಡಿತರು ರಾಶಿ ರಾಶಿ ವ್ಯಾಖ್ಯಾನ ಬರೆದಿದ್ದಾರೆ. ಕೊರ್ದೊವೆರೊ ಅವರು ಈ ಪುಸ್ತಕದಲ್ಲಿ ಕೇಳಿದ್ದು ಒಂದೇ ಪ್ರಶ್ನೆ. ಮನುಷ್ಯನು ದೇವರ ರೂಪದಲ್ಲಿ ಆದವನೆಂದ ಮೇಲೆ ಆ ಹತ್ತು ಗುಣಗಳು ಅವನ ಕಣ್ಣು, ಕಿವಿ, ಬಾಯಿ, ಕೈಗಳಲ್ಲಿ ಕಾಣಬೇಡವೇ?

ಅವರು ಕೊಡುವ ಉತ್ತರ ಮನಮುಟ್ಟುವಂಥದ್ದು. ಮನುಷ್ಯನು ಕೈಯೆತ್ತಿ ಪಾಪ ಮಾಡುವ ಗಳಿಗೆಯಲ್ಲಿಯೂ ಆ ಕೈಗೆ ಬಲ ಕೊಡುತ್ತಿರುವವನು ದೇವರೇ. ಬೇಕೆಂದರೆ ಆ ಕ್ಷಣವೇ ಆ ಬಲವನ್ನು ಹಿಂತೆಗೆದುಕೊಳ್ಳಬಹುದು, ಆದರೆ ತೆಗೆದುಕೊಳ್ಳುವುದಿಲ್ಲ. ತನಗಾದ ಅಪಮಾನವನ್ನು ಸಹಿಸಿಕೊಂಡು ಉಣಿಸುತ್ತಲೇ ಇರುತ್ತಾನೆ. ಹಾಗಾದರೆ ನಮ್ಮನ್ನು ಒಬ್ಬ ನಿಂದಿಸಿದನೆಂದು ಅವನಿಗೆ ಮಾಡುತ್ತಿದ್ದ ಉಪಕಾರವನ್ನು ನಿಲ್ಲಿಸುವುದು ಯಾವ ನ್ಯಾಯ? ಇದು ತಾಳ್ಮೆಯ ಪಾಠ. ಕಿರೀಟವೆಂಬ ಅತ್ಯುನ್ನತ ಗುಣವನ್ನು ಅನುಸರಿಸುವುದೆಂದರೆ ತಲೆಯೆತ್ತಿ ಮೆರೆಯುವುದಲ್ಲ, ವಿನಯದಿಂದ ತಲೆ ಬಾಗುವುದು. ಕಿವಿ ಚಾಡಿಗೆ ತೆರೆಯಬಾರದು, ಕಣ್ಣು ಪರರ ಕುಂದಿನ ಮೇಲೆ ನಿಲ್ಲಬಾರದು, ಬಂದವರನ್ನು ಕಂಡು ಮುಖ ಅರಳಬೇಕು. ಜ್ಞಾನವೆಂಬ ಗುಣವನ್ನು ಅನುಸರಿಸುವುದೆಂದರೆ ಎಲ್ಲ ಜೀವಿಗಳ ಮೇಲೆ ಕರುಣೆ ಇಡುವುದು. ಅಗತ್ಯವಿಲ್ಲದೆ ಒಂದು ಗಿಡವನ್ನೂ ಕೀಳಬಾರದು, ಅಗತ್ಯವಿಲ್ಲದೆ ಒಂದು ಪ್ರಾಣಿಯನ್ನೂ ಕೊಲ್ಲಬಾರದು ಎಂದು ಅವರು ಬರೆಯುತ್ತಾರೆ. ಕೃಪೆಯನ್ನು ಅನುಸರಿಸುವುದೆಂದರೆ ರೋಗಿಯನ್ನು ನೋಡಲು ಹೋಗುವುದು, ಬಡವರಿಗೆ ಕೊಡುವುದು, ಅತಿಥಿಯನ್ನು ಕರೆಯುವುದು, ಸತ್ತವರ ಸಂಸ್ಕಾರಕ್ಕೆ ನಿಲ್ಲುವುದು, ಜಗಳವಾಡಿದವರನ್ನು ಕೂಡಿಸುವುದು. ನೋಡಿರಿ, ಆಕಾಶದಷ್ಟು ಎತ್ತರದ ತತ್ತ್ವವನ್ನು ಅವರು ಮನೆಯಂಗಳಕ್ಕೆ ಇಳಿಸಿದ ಬಗೆ ಎಷ್ಟು ಸಹಜವಾಗಿದೆ! ಓದಲು ಬಾರದವರೂ ಮಾಡಬಹುದಾದ ಕೆಲಸಗಳು ಇವು.

ಕಬ್ಬಾಲಾ ಪಂಥದವರು ಹೇಳಿಕೊಂಡು ಬಂದ ಒಂದು ಕಥೆಯೂ ಇದೇ ಮಾತನ್ನು ಹೇಳುತ್ತದೆ. ಆದಿಕಾಂಡದಲ್ಲಿ ಬರುವ ಹನೋಕನು ಸಾವನ್ನು ಕಾಣದೆ ದೇವರ ಬಳಿಗೆ ಹೋದನೆಂದು ಅವರ ನಂಬಿಕೆ. ಈ ಹನೋಕನು ಕಸುಬಿನಿಂದ ಚಮ್ಮಾರನಾಗಿದ್ದನಂತೆ. ಚರ್ಮಕ್ಕೆ ಹಾಕುವ ಒಂದೊಂದು ಹೊಲಿಗೆಯಿಂದಲೂ ಮೇಲಣ ಲೋಕವನ್ನೂ ಕೆಳಗಣ ಲೋಕವನ್ನೂ ಕೂಡಿಸಿ ಹೊಲಿಯುತ್ತಿದ್ದನಂತೆ. ಇದನ್ನು ಕೇಳಿದವರಿಗೆ, ಹೊಲಿಯುವಾಗ ಅವನು ಎಂಥ ದೊಡ್ಡ ಧ್ಯಾನದಲ್ಲಿ ಮುಳುಗಿರಬೇಕು ಎನ್ನಿಸಬಹುದು. 19ನೆಯ ಶತಮಾನದಲ್ಲಿ ಲಿಥುವೇನಿಯಾ ದೇಶದಲ್ಲಿದ್ದ ರಬ್ಬಿ ಇಸ್ರೇಲ್ ಸಲಾಂತರ್ ಅವರು ಇದಕ್ಕೆ ಬೇರೆಯೇ ಅರ್ಥ ಹೇಳಿದರೆಂದು ಅವರ ಪರಂಪರೆಯವರು ತಿಳಿಸುತ್ತಾರೆ. ಗಿರಾಕಿಯ ಕೆಲಸ ಹಿಡಿದು ಮನಸ್ಸನ್ನು ಬೇರೆಲ್ಲೋ ಹರಿಯಬಿಟ್ಟರೆ ಅದು ಕಳ್ಳತನವಾದೀತು. ಹನೋಕನ ಧ್ಯಾನವೆಲ್ಲ ಹೊಲಿಗೆ ಗಟ್ಟಿಯಾಗಿರಲಿ, ತೊಟ್ಟವನ ಕಾಲಿಗೆ ನೋವಾಗದಿರಲಿ, ಕೊಟ್ಟ ಹಣಕ್ಕೆ ಮೋಸವಾಗದಿರಲಿ ಎಂಬುದರಲ್ಲಿಯೇ ಇತ್ತು. ಎರಡು ಲೋಕಗಳು ಕೂಡಿದ್ದು ಅದರಿಂದಲೇ. ಈ ವಿವರಣೆಯನ್ನು ಕೇಳಿದ ಮೇಲೆ ಕೈಕೆಲಸದ ಮುಂದೆ ಕುಳಿತವನಿಗೆ ತನ್ನ ಕಸುಬೇ ಪೂಜೆಯಾಗಿ ಕಾಣದಿರಲು ಸಾಧ್ಯವೇ?

ಅಂತರಾರ್ಥವು ಆಚಾರದಿಂದ ಕಳಚಿಕೊಂಡರೆ ಏನಾಗುತ್ತದೆಂಬುದಕ್ಕೂ ಆ ಜನಾಂಗದ ಇತಿಹಾಸದಲ್ಲಿಯೇ ಕಹಿಯಾದ ಉದಾಹರಣೆಯಿದೆ. 1665ರಲ್ಲಿ ಸ್ಮಿರ್ನಾ ಪಟ್ಟಣದ ಶಬ್ಬತೈ ಜೆವಿ ಎಂಬಾತ ತಾನೇ ಬರಲಿದ್ದ ಉದ್ಧಾರಕನೆಂದು ಘೋಷಿಸಿಕೊಂಡ. ಗಾಜಾದ ನಾತಾನ್ ಎಂಬ ಕಬ್ಬಾಲಾ ಪಂಡಿತ ಅವನಿಗೆ ಪ್ರವಾದಿಯಾಗಿ ನಿಂತ. ಯೂರೋಪಿನಿಂದ ಏಮನ್ ದೇಶದ ತನಕ ಯಹೂದಿಗಳು ಹುಚ್ಚೆದ್ದು ಕಾದರು. ಗ್ಲ್ಯೂಕೆಲ್ ಎಂಬ ವ್ಯಾಪಾರಸ್ಥ ಮಹಿಳೆ ತಮ್ಮ ಆತ್ಮಕಥೆಯಲ್ಲಿ ಬರೆದಿರುವಂತೆ, ಜರ್ಮನಿಯಲ್ಲಿದ್ದ ಅವರ ಮಾವನವರು ಮನೆ ಬಿಟ್ಟು, ಪವಿತ್ರಭೂಮಿಗೆ ಹೊರಡುವ ದಾರಿಗೆಂದು ಬಟಾಣಿ, ಅವರೆ, ಒಣಹಣ್ಣು ಮೊದಲಾದುವನ್ನು ದೊಡ್ಡ ಪೀಪಾಯಿಗಳಲ್ಲಿ ತುಂಬಿ ಹ್ಯಾಂಬರ್ಗಿಗೆ ಕಳುಹಿಸಿದ್ದರು. ಆ ಪೀಪಾಯಿಗಳು ವರ್ಷಕ್ಕೂ ಮೀರಿ ಹಾಗೆಯೇ ಕಾದು ನಿಂತವು. ಇತ್ತ 1666ರಲ್ಲಿ ಸುಲ್ತಾನನ ಮುಂದೆ ನಿಲ್ಲಿಸಿದಾಗ ಶಬ್ಬತೈ ಜೆವಿ ಪ್ರಾಣಭಯದಿಂದ ಮತಾಂತರ ಹೊಂದಿದ. ಇಷ್ಟಾದರೂ ಅವನ ಕೆಲವು ಅನುಯಾಯಿಗಳು ಬುದ್ಧಿ ಕಲಿಯಲಿಲ್ಲ. ಒಳಗಿನ ತೋರಾ ಬೇರೆ, ಹೊರಗಿನ ತೋರಾ ಬೇರೆ, ಗೂಢಾರ್ಥ ಬಲ್ಲವರಿಗೆ ಕಟ್ಟಳೆಗಳನ್ನು ಮುರಿಯುವುದೇ ಪುಣ್ಯ ಎನ್ನುವ ತನಕ ಹೋದರು. ಸಂಸಾರಗಳು ಕೆಟ್ಟವು, ಊರುಗಳು ಒಡೆದವು. ಮುಂದೆ 1756ರಲ್ಲಿ ಬ್ರೋಡಿ ಎಂಬಲ್ಲಿ ಕೂಡಿದ ರಬ್ಬಿಗಳು 30 ವರ್ಷ ತುಂಬದವರು ಜೋಹರ್ ಓದಬಾರದು, 40 ತುಂಬದವರು ಲೂರಿಯಾ ಅವರ ಉಪದೇಶವನ್ನು ಓದಬಾರದು ಎಂದು ಕಟ್ಟು ಮಾಡಬೇಕಾಯಿತು. ಮನೆಯ ಜವಾಬ್ದಾರಿ ಹೊತ್ತು, ಹೊರಗಿನ ಆಚಾರದಲ್ಲಿ ಪಳಗಿದವನೇ ಒಳಗಿನ ಬೆಳಕನ್ನು ತಾಳಬಲ್ಲನೆಂಬುದು ಹಿರಿಯರ ಅನುಭವದ ಮಾತು. ತಾಳದ ಪಾತ್ರೆಗೆ ಬೆಳಕು ಸುರಿದರೆ ಪಾತ್ರೆ ಒಡೆಯುತ್ತದೆಂದು ಲೂರಿಯಾ ಅವರೇ ಹೇಳಿರಲಿಲ್ಲವೇ?

ಅದಕ್ಕೂ ಬಹಳ ಹಿಂದಿನ ತಾಲ್ಮೂದ್ ಗ್ರಂಥದಲ್ಲಿ ನಾಲ್ವರು ಜ್ಞಾನಿಗಳು ರಹಸ್ಯದ ತೋಟವನ್ನು ಹೊಕ್ಕ ಕಥೆಯಿದೆ. ಒಬ್ಬನು ನೋಡಿ ಸತ್ತ, ಒಬ್ಬನಿಗೆ ಬುದ್ಧಿ ಕದಡಿತು, ಒಬ್ಬನು ಎಳೆಯ ಸಸಿಗಳನ್ನು ಕತ್ತರಿಸಿದ, ಅಂದರೆ ಧರ್ಮದಿಂದ ಜಾರಿದ. ರಬ್ಬಿ ಅಕೀವಾ ಒಬ್ಬರೇ ಸಮಾಧಾನದಿಂದ ಹೋಗಿ ಸಮಾಧಾನದಿಂದ ಹಿಂದಿರುಗಿದರು. ಈ ಅಕೀವಾ ನಲವತ್ತರ ವಯಸ್ಸಿನ ತನಕ ಅಕ್ಷರವರಿಯದ ಕುರಿಗಾಹಿಯಾಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ನೆರೆಯವನನ್ನು ಪ್ರೀತಿಸುವ ಕಟ್ಟಳೆಯೇ ತೋರಾದ ದೊಡ್ಡ ತತ್ತ್ವವೆಂದು ಸಾರಿದವರೂ ಇವರೇ. ನೆರೆಯವನ ಮೇಲಿನ ಪ್ರೀತಿಯನ್ನು ಗಟ್ಟಿಯಾಗಿ ಹಿಡಿದವರೊಬ್ಬರೇ ಆ ತೋಟದಿಂದ ಕ್ಷೇಮವಾಗಿ ಹೊರಬಂದದ್ದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಈ ದಿನಗಳಲ್ಲಿ ಕಬ್ಬಾಲಾ ಎಂಬ ಹೆಸರು ಪೇಟೆಗೂ ಬಂದಿದೆ. ದೃಷ್ಟಿ ತಾಕದಿರಲೆಂದು ಕೈಗೆ ಕಟ್ಟುವ ಕೆಂಪು ದಾರ, ಸಂಪತ್ತು ತರುವ ಅಕ್ಷರಯಂತ್ರ ಎಂದೆಲ್ಲ ಪಾಶ್ಚಾತ್ಯ ದೇಶಗಳಲ್ಲಿ ಮಾರಾಟ ನಡೆಯುತ್ತದೆ. ದಾರ ಕಟ್ಟಿಕೊಳ್ಳುವುದು ಸುಲಭ, ನಾಲಗೆಯನ್ನು ಕಟ್ಟಿಕೊಳ್ಳುವುದು ಕಷ್ಟ. ಇನ್ನು, ಕಬ್ಬಾಲಾ ಗ್ರಂಥಗಳಲ್ಲಿ ಇರುವುದೆಲ್ಲವೂ ಎಲ್ಲರಿಗೂ ಒಪ್ಪಿಗೆಯಾಗುವಂಥದ್ದೆಂದೂ ಹೇಳಲಾಗದು. ತಮ್ಮವರ ಆತ್ಮವೇ ಇತರರ ಆತ್ಮಕ್ಕಿಂತ ಮೇಲೆಂಬ ಮಾತುಗಳು ಕೆಲವೆಡೆ ಬರುತ್ತವೆ. ಅವನ್ನು ಅನೇಕ ಯಹೂದಿ ಚಿಂತಕರೂ ಒಪ್ಪಿಲ್ಲ. ಹಂಸವು ಹಾಲನ್ನು ಆರಿಸಿಕೊಳ್ಳುವಂತೆ ವಿವೇಕಿಗಳು ಸಾರವನ್ನು ಆರಿಸಿಕೊಳ್ಳಬೇಕು. ಅವರ ವಿಧಿಗಳು ಅವರಿಗೆ. ಆದರೆ ಆ ವಿಧಿಗಳ ಹಿಂದಿನ ನಿಷ್ಠೆಯನ್ನು ಕಂಡು ತಿದ್ದಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗಾದರೆ ಸಫೇದಿನ ಗುರುಗಳಿಂದ ಮನೆಗೆ ಒಯ್ಯಬಹುದಾದುದೇನು? ದೇವರ ಮುಂದೆ ನಿಲ್ಲುವ ಮೊದಲು, ಇಂದು ನನ್ನಿಂದ ಯಾರಿಗೆ ಏನು ಸಲ್ಲಬೇಕಾಗಿದೆ ಎಂದು ಕೇಳಿಕೊಳ್ಳುವುದು. ಕೂಲಿ ಬಾಕಿಯಿದ್ದರೆ ಕೊಡುವುದು, ಒಳ್ಳೆಯ ಮಾತು ಬಾಕಿಯಿದ್ದರೆ ಆಡುವುದು, ಕ್ಷಮೆ ಬಾಕಿಯಿದ್ದರೆ ಬೇಡುವುದು. ನಿಂದಿಸಿದವನಿಗೆ ಕೊಡುತ್ತಿದ್ದ ಕೈಯನ್ನು ಹಿಂತೆಗೆಯದಿರುವುದು. ಉಣ್ಣುವ ಅನ್ನವನ್ನು ನೆನೆದು ಉಣ್ಣುವುದು, ಹಿಡಿದ ಕೆಲಸವನ್ನು ಗಟ್ಟಿಯಾಗಿ ಮಾಡುವುದು. ಇಷ್ಟು ನಡೆದರೆ ಅಂತರಾರ್ಥ ತಾನಾಗಿಯೇ ಬಾಗಿಲು ತೆರೆಯುತ್ತದೆ. ಲೂರಿಯಾ ಅವರು ತಾವು ತೀರಿಕೊಳ್ಳುವ ಮೂರು ದಿನ ಮುಂಚೆ ವ್ಯಾಪಾರದ ಲೆಕ್ಕವನ್ನೆಲ್ಲ ಎಲ್ಲರೊಂದಿಗೆ ಚುಕ್ತಾ ಮಾಡಿದರೆಂದು ಹೇಳಿಕೆಯಿದೆ. ಲೋಕಲೋಕಾಂತರಗಳ ರಹಸ್ಯ ಬಲ್ಲವರು ಕೊನೆಯ ದಿನಗಳಲ್ಲಿ ಬಾಕಿ ಪುಸ್ತಕವನ್ನು ತೆರೆದು ಕುಳಿತರು. ಯಾರ ಋಣವನ್ನೂ ಉಳಿಸಿಕೊಳ್ಳದೆ ಹೋಗುವ ಆ ಭಾಗ್ಯ ಎಲ್ಲ ಸದ್ಭಕ್ತರಿಗೂ ಲಭಿಸಲಿ.